ನಡಾವಳಿ ಪುಸ್ತಕದಲ್ಲಿ ಮಗುವಿನ ಮಾತು

ಪಣಜಿಯಿಂದ ಮಾಂಡೋವಿ ಸೇತುವೆ ದಾಟಿ ಮಾಪುಸಾ ಕಡೆ ಹೊರಟರೆ ಏರು ಶುರುವಾಗುತ್ತದೆ. ಆ ಏರಿನ ಮೇಲಿರುವ ಊರು ಪರ್ವರಿ. ಗೋವಾದ ರಾಜಧಾನಿ ಪಣಜಿ ಎಂದು ಶಾಲೆಯಲ್ಲಿ ಕಲಿತದ್ದು ಸರಿಯೇ. ಆದರೆ 2000ದಿಂದ ಗೋವಾ ವಿಧಾನಸಭೆ ಸೇರುತ್ತಿರುವುದು ಪರ್ವರಿಯ ಗುಡ್ಡದ ಮೇಲೆ. ಸಚಿವಾಲಯವೂ ಇಲ್ಲೇ ಇದೆ, ಶಿಕ್ಷಣ ನಿರ್ದೇಶನಾಲಯವೂ ಇಲ್ಲೇ, ಹತ್ತು–ಹನ್ನೆರಡನೇ ತರಗತಿಯ ಪರೀಕ್ಷಾ ಮಂಡಳಿಯೂ ಇಲ್ಲೇ. ಗೋವಾದ ಮಗುವೊಂದು ಯಾವ ಭಾಷೆಯಲ್ಲಿ ಕಲಿಯಬೇಕು, ಯಾವ ಶಾಲೆಗೆ ಅನುದಾನ ಸಿಗಬೇಕು, ಯಾವ ಶಾಲೆ ಮುಚ್ಚಬೇಕು ಎಂಬುದೆಲ್ಲ ಈ ನಾಲ್ಕಾರು ಕಿಲೋಮೀಟರಿನೊಳಗೇ ತೀರ್ಮಾನವಾಗುತ್ತದೆ.

ಅದೇ ರಸ್ತೆಯ ಮೇಲೀಗ ರಾಷ್ಟ್ರೀಯ ಹೆದ್ದಾರಿ 66ರ ಮೇಲ್ಸೇತುವೆಯ ಕಂಬಗಳು ಎದ್ದಿವೆ. ಅಕ್ಕಪಕ್ಕ ಅಪಾರ್ಟ್‌ಮೆಂಟುಗಳು ಏಳುತ್ತಲೇ ಇವೆ. ಅವನ್ನು ಕಟ್ಟುವವರ ತಗಡಿನ ಶೆಡ್ಡುಗಳ ಕಡೆ ಸಂಜೆ ಹೊತ್ತು ಹೋದರೆ ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳದ ಕನ್ನಡ ಕಿವಿಗೆ ಬೀಳುತ್ತದೆ. 2011ರ ಜನಗಣತಿಯಲ್ಲಿ ಗೋವಾದ ನೂರಕ್ಕೆ ನಾಲ್ಕೂವರೆಯಷ್ಟು ಜನ ತಮ್ಮ ತಾಯಿನುಡಿ ಕನ್ನಡವೆಂದು ಬರೆಸಿದ್ದಾರೆ. ವಾಸ್ಕೊದ ಬೈನಾ, ಝುವಾರಿನಗರಗಳಲ್ಲಿ ಕನ್ನಡಿಗರ ಹಳೆಯ ವಸತಿಗಳಿವೆ, ಕನ್ನಡ ಶಾಲೆಗಳೂ ಇವೆ. ಪರ್ವರಿಯ ಶೆಡ್ಡಿನವರಿಗೆ ಅದು ಎರಡು ನದಿ ದಾಟಿದ ಮೇಲಿನ ಮಾತು. ಇಲ್ಲಿ ಎಂಟೊಂಬತ್ತು ವರ್ಷದ ಹುಡುಗಿ ಮನೆಯಲ್ಲಿ ಕನ್ನಡ, ಮೇಸ್ತ್ರಿಯ ಜೊತೆ ಹಿಂದಿ, ಅಂಗಡಿಯಲ್ಲಿ ಕೊಂಕಣಿ ಆಡುತ್ತಾಳೆ. ಅವ್ವ ಸಿಮೆಂಟು ಹೊರಲು ಹೋದಾಗ ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡು ಮರಳಿನ ರಾಶಿಯ ಬಳಿ ನಿಲ್ಲುತ್ತಾಳೆ. ಮೂರು ಭಾಷೆಯಲ್ಲಿ ಚೌಕಾಸಿ ಮಾಡಬಲ್ಲ ಈಕೆಗೆ ‘ನನಗೆ ಶಾಲೆ ಬೇಕು’ ಎಂದು ಹೇಳುವುದು ಗೊತ್ತಿಲ್ಲವೆಂದಲ್ಲ. ಯಾರಿಗೆ ಹೇಳಬೇಕೆಂಬುದು ಗೊತ್ತಿಲ್ಲ.

ಮಕ್ಕಳ ಶಿಕ್ಷಣಕ್ಕಾಗಿ ಮಕ್ಕಳೇ ಮಾತಾಡಿದ ಪ್ರಸಂಗಗಳನ್ನು ನಾವು ಮೆಚ್ಚಿಕೊಳ್ಳುವ ರೀತಿಯಲ್ಲೇ ಒಂದು ಕೊರತೆಯಿದೆ. ಮಾತಿನ ಸೊಗಸನ್ನು, ಧೈರ್ಯವನ್ನು, ವಯಸ್ಸನ್ನು ಹೊಗಳುತ್ತೇವೆ. ಎದುರಿಗೆ ಕೂತವರು ಯಾರು, ಅವರಿಗೆ ಉತ್ತರ ಕೊಡಲೇಬೇಕಾದ ಜರೂರು ಇತ್ತೇ ಎಂದು ಕೇಳುವುದಿಲ್ಲ. ಮಾತು ಮನಸ್ಸನ್ನು ಒಲಿಸಬೇಕಾದರೆ ಆಡುವವರಷ್ಟೇ ಕೇಳುವವರ ಹೊಣೆಯೂ ದೊಡ್ಡದು ಎಂಬುದು ನನ್ನ ವಾದ. ಇದಕ್ಕೆ ಜಗತ್ತೇ ಬಲ್ಲ ಭಾಷಣವೊಂದನ್ನೂ, ಕುಂದಾಪುರದಲ್ಲಿ ನಡೆದು ಬಹಳ ಮಂದಿ ಮರೆತಿರುವ ಸಂಗತಿಯೊಂದನ್ನೂ ಜೊತೆಗಿಟ್ಟು ನೋಡಬೇಕು.

2013ರ ಜುಲೈ 12ರಂದು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಮಲಾಲಾ ಯೂಸುಫ್‌ಝೈ ಮಾತಾಡಿದಳು. ಅಂದು ಅವಳಿಗೆ ಹದಿನಾರು ತುಂಬಿತ್ತು. ಒಂಬತ್ತು ತಿಂಗಳ ಹಿಂದೆ, 2012ರ ಅಕ್ಟೋಬರ್ 9ರಂದು, ಪಾಕಿಸ್ತಾನದ ಸ್ವಾತ್ ಕಣಿವೆಯಲ್ಲಿ ಶಾಲೆಯ ವ್ಯಾನಿನೊಳಗೇ ಅವಳ ತಲೆಗೆ ಗುಂಡು ಹಾರಿಸಿದ್ದರು. ಬೆನಜೀರ್ ಭುಟ್ಟೊ ಅವರ ಶಾಲು ಹೊದ್ದು ನಿಂತಿದ್ದ ಹುಡುಗಿಯ ಆ ಭಾಷಣ ಹೆಚ್ಚುಕಡಿಮೆ ಹದಿನೇಳು ನಿಮಿಷದ್ದು. ನೋಡಿದವರಿಗೆ ಕಣ್ಣು ತುಂಬಿಬಂತು. ಆದರೆ ಅದರ ಹೆಣಿಗೆ ನೋಡಿದರೆ ಕಣ್ಣೀರಿಗಿಂತ ಲೆಕ್ಕಾಚಾರ ಹೆಚ್ಚಿದೆ, ಮತ್ತು ನನಗೆ ಮೆಚ್ಚುಗೆಯಾಗುವುದು ಅದೇ.

ಮೊದಲು ಅವಳು ತನ್ನನ್ನು ಚಿಕ್ಕದು ಮಾಡಿಕೊಳ್ಳುತ್ತಾಳೆ. ಆ ದಿನಕ್ಕೆ ಅವಳ ಹೆಸರನ್ನೇ ಇಟ್ಟಿದ್ದರು. ಈ ದಿನ ನನ್ನದಲ್ಲ, ಹಕ್ಕಿಗಾಗಿ ದನಿ ಎತ್ತಿದ ಎಲ್ಲರದೂ ಎನ್ನುತ್ತಾಳೆ. ನಂತರ ಗುಂಡು ಹಾರಿಸಿದವನ ವಿಷಯ. ಅವನು ಎದುರು ನಿಂತರೂ, ನನ್ನ ಕೈಯಲ್ಲಿ ಬಂದೂಕಿದ್ದರೂ ಹೊಡೆಯುವುದಿಲ್ಲ, ಅವನ ಮಕ್ಕಳೂ ಓದಲಿ ಎನ್ನುತ್ತಾಳೆ. ಅಲ್ಲಿಗೆ ಎದುರಾಳಿಯ ಕೈಯಲ್ಲಿ ಹಿಡಿಯಲು ಏನೂ ಉಳಿಯುವುದಿಲ್ಲ. ಪ್ರವಾದಿ, ಯೇಸು, ಬುದ್ಧ, ಮಂಡೇಲಾ, ಜಿನ್ನಾ, ಗಾಂಧಿ, ಬಾದಶಾ ಖಾನ್ ಎಲ್ಲರನ್ನೂ ಒಂದೇ ಉಸಿರಿನಲ್ಲಿ ಕರೆಯುತ್ತಾಳೆ. ಪಾಕಿಸ್ತಾನದ ಮನೆಯಲ್ಲಿ ಕೂತು ಟೀವಿ ನೋಡುವವನಿಗೂ ಲಂಡನ್ನಿನ ಪತ್ರಕರ್ತನಿಗೂ ತನ್ನವರೊಬ್ಬರ ಹೆಸರು ಅದರಲ್ಲಿ ಸಿಗುತ್ತದೆ. ನಡುವೆ ಒಂದು ಸಣ್ಣ ಕಥೆ ಬರುತ್ತದೆ. ತಾಲಿಬಾನಿಗಳಿಗೆ ಓದು ಯಾಕಾಗದು ಎಂದು ಪತ್ರಕರ್ತ ಕೇಳಿದಾಗ ಹುಡುಗನೊಬ್ಬ ತನ್ನ ಪುಸ್ತಕ ತೋರಿಸಿ, ಇದರೊಳಗೇನಿದೆ ಎಂಬುದು ಅವರಿಗೆ ಗೊತ್ತಿಲ್ಲ ಎಂದನಂತೆ. ಇಡೀ ಭಾಷಣದಲ್ಲಿ ನಗು ಹುಟ್ಟಿಸುವ ಜಾಗ ಬಹುಶಃ ಅದೊಂದೇ. ಸರ್ಕಾರಗಳಿಗೆ ಕರೆ ಕೊಡುವ ಸರಮಾಲೆ ಬರುವುದು ಇದೆಲ್ಲ ಆದ ಮೇಲೆ.

ಈ ಕಲೆ ಒಂದೇ ದಿನದಲ್ಲಿ ಬಂದದ್ದಲ್ಲ. ಅವಳ ತಂದೆ ಜಿಯಾವುದ್ದೀನ್ ಉಗ್ಗುತ್ತಿದ್ದವರು. ಹದಿಮೂರರ ವಯಸ್ಸಿನಲ್ಲಿ ಭಾಷಣ ಸ್ಪರ್ಧೆಗೆ ಹೆಸರು ಕೊಟ್ಟು, ಹೆಸರಾಂತ ಮಾತುಗಾರನಾದ ಅಪ್ಪನಿಂದ ಭಾಷಣ ಬರೆಸಿಕೊಂಡು, ಬೆಟ್ಟದಲ್ಲಿ ಅಭ್ಯಾಸ ಮಾಡಿ ಗೆದ್ದವರು. ಮಗಳಿಗೂ ಶಾಲೆಯ ಸ್ಪರ್ಧೆಗಳಿಗೆ ಅವರೇ ಬರೆದುಕೊಡುತ್ತಿದ್ದರು. ಒಮ್ಮೆ ಗೆಳತಿಯ ಎದುರು ಸೋತಳು. ಆಮೇಲೆ ತನ್ನ ಭಾಷಣವನ್ನು ತಾನೇ ಬರೆಯತೊಡಗಿದಳು. ನಮ್ಮ ಪ್ರತಿಭಾ ಕಾರಂಜಿಯ ಮೈಕಿನ ಮುಂದೆ, ಮೇಷ್ಟ್ರು ಬರೆದುಕೊಟ್ಟ ಹಾಳೆಯನ್ನು ಬಾಯಿಪಾಠ ಮಾಡಿ, ‘ವೇದಿಕೆ ಮೇಲೆ ಆಸೀನರಾಗಿರುವ ಗಣ್ಯರೇ’ ಎಂಬಲ್ಲಿಂದ ಒಂದೇ ಓಟಕ್ಕೆ ಓಡಿ ಮುಗಿಸುವ ಮಕ್ಕಳನ್ನು ಕಂಡವರಿಗೆ ಆ ಸೋಲಿನ ಬೆಲೆ ತಿಳಿಯುತ್ತದೆ. ಅಂಥ ಭಾಷಣಗಳಲ್ಲಿ ಉಚ್ಚಾರಕ್ಕೆ ಅಂಕ, ಹಾವಭಾವಕ್ಕೆ ಅಂಕ, ಸಮಯಕ್ಕೆ ಅಂಕ. ಮಗು ಹೇಳಿದ್ದು ನಿಜವೇ ಎಂಬುದಕ್ಕೆ ಅಂಕವಿಲ್ಲ.

ವಿಶ್ವಸಂಸ್ಥೆಗೆ ಹೋಗುವ ಮೊದಲು ಅವಳು ಬರೆದದ್ದೇ ಹೆಚ್ಚು ತೂಕದ್ದು ಎಂದು ನನಗನಿಸುವುದುಂಟು. 2009ರ ಜನವರಿಯಲ್ಲಿ, ಸ್ವಾತ್‌ನಲ್ಲಿ ಹೆಣ್ಣುಮಕ್ಕಳ ಶಾಲೆ ಮುಚ್ಚಲು ತಾಲಿಬಾನ್ ಗಡುವು ಕೊಟ್ಟಿದ್ದಾಗ, ಹನ್ನೊಂದು ವರ್ಷದ ಮಲಾಲಾ ಬಿಬಿಸಿ ಉರ್ದುವಿಗೆ ಗುಲ್ ಮಕಾಯಿ ಎಂಬ ಹೆಸರಿನಲ್ಲಿ ದಿನಚರಿ ಬರೆಯುತ್ತಿದ್ದಳು. ತರಗತಿಯ 27 ಹುಡುಗಿಯರಲ್ಲಿ ಇವತ್ತು ಬಂದವರು 11 ಎಂದು ಅದರಲ್ಲಿ ಲೆಕ್ಕ ಕೊಟ್ಟಿದ್ದಾಳೆ. ಬಣ್ಣದ ಬಟ್ಟೆ ಹಾಕಬೇಡಿ ಎಂದು ಶಾಲೆಯಲ್ಲಿ ಹೇಳಿದ್ದನ್ನು, ತನ್ನ ಇಷ್ಟದ ಗುಲಾಬಿ ಬಣ್ಣದ ಉಡುಪನ್ನು ಬರೆದಿದ್ದಾಳೆ. ಇಲ್ಲಿ ಕರೆ ಇಲ್ಲ, ಘೋಷಣೆ ಇಲ್ಲ. 27ರಲ್ಲಿ 11 ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಭಯ ಅಂದರೆ ಏನು ಎಂದು ಆ ಎರಡು ಸಂಖ್ಯೆಗಳೇ ಹೇಳುತ್ತವೆ.

ಇದಕ್ಕಿಂತ ಒಂದೂವರೆ ಶತಮಾನ ಮೊದಲು ಪುಣೆಯಲ್ಲಿ ಇನ್ನೊಬ್ಬ ಹುಡುಗಿ ಇದ್ದಳು. ಅವಳ ಹೆಸರು ಮುಕ್ತಾ ಸಾಳ್ವೆ. ಮಾಂಗ್ ಸಮುದಾಯದವಳು, ಜೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ಅವರ ಶಾಲೆಯಲ್ಲಿ ಮೂರು ವರ್ಷ ಓದಿದವಳು. ಹದಿನಾಲ್ಕರ ಆಸುಪಾಸಿನ ಅವಳು ಮಾಂಗ್–ಮಹಾರರ ದುಃಖದ ಬಗ್ಗೆ ಬರೆದ ಪ್ರಬಂಧ 1855ರಲ್ಲಿ ‘ಜ್ಞಾನೋದಯ’ ಪತ್ರಿಕೆಯಲ್ಲಿ ಅಚ್ಚಾಯಿತು. ವೇದವನ್ನು ನೋಡುವ ಹಕ್ಕು ಬ್ರಾಹ್ಮಣರಿಗೆ ಮಾತ್ರ ಎಂದಾದರೆ ನಮಗೆ ಧರ್ಮಗ್ರಂಥವೇ ಇಲ್ಲವೆಂದಾಯಿತಲ್ಲ, ಹಾಗಾದರೆ ನಮ್ಮ ಧರ್ಮ ಯಾವುದು ಎಂಬುದು ಅವಳ ಪ್ರಶ್ನೆ. ಎದುರಾಳಿಯ ಮಾತನ್ನೇ ಒಪ್ಪಿಕೊಂಡು ಅದರ ಕೊನೆಯವರೆಗೆ ನಡೆಸಿಕೊಂಡು ಹೋಗಿ ಅಲ್ಲಿ ಬಿಟ್ಟುಬಿಡುವ ಈ ಪಟ್ಟು ಪಳಗಿದ ವಕೀಲರಿಗೂ ಸುಲಭವಲ್ಲ. ಬಹುಮಾನವಾಗಿ ಚಾಕೊಲೇಟು ಕೊಟ್ಟ ಇಂಗ್ಲಿಷ್ ಅಧಿಕಾರಿಗೆ ಅವಳು ‘ಚಾಕೊಲೇಟು ಬೇಡ, ಗ್ರಂಥಾಲಯ ಕೊಡಿ’ ಅಂದಳೆಂದು ಮಹಾರಾಷ್ಟ್ರದಲ್ಲಿ ಇಂದಿಗೂ ಹೇಳುತ್ತಾರೆ.

ಮಲಾಲಾಳ ವಿಶ್ವಸಂಸ್ಥೆಯ ಭಾಷಣದಲ್ಲಿ ನಮ್ಮ ದೇಶದ ಹೆಸರೂ ಬರುತ್ತದೆ. ಭಾರತದಲ್ಲಿ ಬಡ, ಅಮಾಯಕ ಮಕ್ಕಳು ಬಾಲಕಾರ್ಮಿಕ ಪದ್ಧತಿಗೆ ಬಲಿಯಾಗಿದ್ದಾರೆ ಎಂದು ಒಂದು ಮಾತು ಹೇಳಿ ಮುಂದೆ ಹೋಗುತ್ತಾಳೆ. ಆ ‘ಬಲಿಯಾದ’ ಮಕ್ಕಳು ಹದಿನೇಳು ವರ್ಷ ಮೊದಲೇ ಕರ್ನಾಟಕದಲ್ಲಿ ತಾವೇ ಮಾತಾಡಿದ್ದರು, ಮತ್ತು ಅವರು ಆಡಿದ್ದು ಆ ವಾಕ್ಯಕ್ಕೆ ಒಗ್ಗುವಂಥದ್ದಲ್ಲ.

1996ರ ನವೆಂಬರ್ ಕೊನೆಯಲ್ಲಿ ಆಫ್ರಿಕಾ, ಲ್ಯಾಟಿನ್ ಅಮೆರಿಕ, ಏಷ್ಯಾದ ಮೂವತ್ತಕ್ಕೂ ಹೆಚ್ಚು ದೇಶಗಳ ದುಡಿಯುವ ಮಕ್ಕಳ ಪ್ರತಿನಿಧಿಗಳು ಕುಂದಾಪುರದಲ್ಲಿ ಸೇರಿದರು. ದುಡಿಯುವ ಮಕ್ಕಳ ಮೊದಲ ಅಂತರರಾಷ್ಟ್ರೀಯ ಸಮಾವೇಶ ಅದು. ಅದಕ್ಕೆ ನೆಲ ಹದ ಮಾಡಿದ್ದು ನಂದನಾ ರೆಡ್ಡಿ, ದಾಮೋದರ ಆಚಾರ್ಯ ಮೊದಲಾದವರು ಕಟ್ಟಿದ ‘ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಸಂಸ್ಥೆ ಮತ್ತು ಅದರ ಆಸರೆಯಲ್ಲಿ 1990ರಲ್ಲಿ ಹುಟ್ಟಿದ ಮಕ್ಕಳದ್ದೇ ಸಂಘಟನೆ ಭೀಮ ಸಂಘ. ಹೋಟೆಲ್ಲಿನಲ್ಲಿ ಲೋಟ ತೊಳೆಯುತ್ತಿದ್ದ, ಮನೆಗೆಲಸ ಮಾಡುತ್ತಿದ್ದ ಮಕ್ಕಳು ಅಲ್ಲಿ ಸದಸ್ಯರು. ಸಮಾವೇಶದಿಂದ ಹೊರಬಂದದ್ದು ಹತ್ತು ಅಂಶಗಳ ಕುಂದಾಪುರ ಘೋಷಣೆ.

ಅದರಲ್ಲಿ ಏನಿತ್ತು? ನಮ್ಮ ಬದುಕಿಗೆ ಹೊಂದುವ ಪಾಠ, ಹೊಂದುವ ಬೋಧನೆಯ ಶಾಲೆ ಬೇಕು. ನಮ್ಮ ವಿಷಯದ ಪ್ರತಿ ತೀರ್ಮಾನದಲ್ಲೂ ನಮ್ಮನ್ನು ಕೇಳಬೇಕು. ಬಡತನವೆಂಬ ಬುಡಕ್ಕೆ ಕೈಹಾಕಿ. ಹಳ್ಳಿಗಳಲ್ಲಿ ಅವಕಾಶ ಹೆಚ್ಚಿಸಿ, ಮಕ್ಕಳು ಗುಳೆ ಹೋಗುವುದು ತಪ್ಪಲಿ. ಇಷ್ಟಕ್ಕೆ ಯಾರೂ ತಕರಾರು ಎತ್ತಲಾರರು. ಆದರೆ ಮಕ್ಕಳು ಮಾಡಿದ ವಸ್ತುಗಳನ್ನು ಬಹಿಷ್ಕರಿಸುವುದಕ್ಕೆ ನಮ್ಮ ವಿರೋಧವಿದೆ, ಶೋಷಣೆ ಬೇಡ, ಓದಿಗೂ ಆಟಕ್ಕೂ ಬಿಡುವಿರುವ ಘನತೆಯ ಕೆಲಸ ಬೇಕು ಎಂದೂ ಅವರು ಬರೆದರು. ಇದನ್ನು ಕೇಳಿ ದೊಡ್ಡವರು ಕಕ್ಕಾಬಿಕ್ಕಿಯಾದರು. ಬಾಲಕಾರ್ಮಿಕ ಪದ್ಧತಿಯನ್ನು ಪೂರ್ತಿ ತೊಲಗಿಸಬೇಕೆನ್ನುವ ಕೈಲಾಶ್ ಸತ್ಯಾರ್ಥಿ, ಶಾಲೆಯಿಂದ ಹೊರಗಿರುವ ಪ್ರತಿ ಮಗುವೂ ಬಾಲಕಾರ್ಮಿಕನೇ ಎನ್ನುವ ಶಾಂತಾ ಸಿನ್ಹಾ ಇವರ ದಾರಿಗೂ ಕುಂದಾಪುರದ ದಾರಿಗೂ ಅಲ್ಲಿಂದಲೇ ಕವಲು. 2014ರ ನೊಬೆಲ್ ಶಾಂತಿ ಪ್ರಶಸ್ತಿಯನ್ನು ಮಲಾಲಾ ಹಂಚಿಕೊಂಡದ್ದು ಸತ್ಯಾರ್ಥಿಯವರ ಜೊತೆಗೆ.

ನನಗೆ ಈ ಜಗಳದಲ್ಲಿ ಸಿನ್ಹಾ ಅವರ ಪಕ್ಷವೇ ಹೆಚ್ಚು ಸರಿ ಎನಿಸುತ್ತದೆ. ಘನತೆಯ ಕೆಲಸ ಎಂಬ ಮಾತನ್ನು ಮಾಲೀಕರು ಎಷ್ಟು ಬೇಗ ತಮ್ಮದು ಮಾಡಿಕೊಳ್ಳುತ್ತಾರೆಂದು ಬಲ್ಲವರಿಗೆ ಹಾಗನಿಸದೆ ಇರದು. ಆದರೂ ಕುಂದಾಪುರದ ಮಕ್ಕಳ ವಾದವನ್ನು ತಳ್ಳಿಹಾಕಲು ಬರುವುದಿಲ್ಲ. ಅವರ ಹಿಂದೆ ಬಾಂಗ್ಲಾದೇಶದ ಅನುಭವವಿತ್ತು. ಅಮೆರಿಕದಲ್ಲಿ ಮಕ್ಕಳು ಮಾಡಿದ ವಸ್ತುಗಳ ಆಮದು ತಡೆಯಲು ಸೆನೆಟರ್ ಹಾರ್ಕಿನ್ 1992ರಲ್ಲಿ ಮಂಡಿಸಿದ ಮಸೂದೆಗೆ ಹೆದರಿ ಅಲ್ಲಿನ ಸಿದ್ಧ ಉಡುಪು ಕಾರ್ಖಾನೆಗಳು ಸಾವಿರಾರು ಮಕ್ಕಳನ್ನು ಒಮ್ಮೆಗೇ ಹೊರಹಾಕಿದವು. ಅವರಲ್ಲಿ ಅನೇಕರು ಶಾಲೆಗೆ ಹೋಗಲಿಲ್ಲ, ಕಲ್ಲು ಒಡೆಯುವಂಥ ಇನ್ನೂ ಕೆಟ್ಟ ಕೆಲಸಕ್ಕೆ ಹೋದರು. ಯುನಿಸೆಫ್ ತನ್ನ ವರದಿಯಲ್ಲಿ ಇದನ್ನು ಬರೆಯಿತು. ಅಂದರೆ ಮಕ್ಕಳು ಆಡಿದ್ದು ಹಠದ ಮಾತಾಗಿರಲಿಲ್ಲ, ಮೈಮೇಲೆ ಬಂದ ಅನುಭವದ ಮಾತಾಗಿತ್ತು. ಮಕ್ಕಳನ್ನು ಮಾತಾಡಿಸುವುದೆಂದರೆ ನಮಗೆ ಬೇಕಾದ್ದನ್ನು ಅವರ ಬಾಯಲ್ಲಿ ಕೇಳುವುದು ಎಂದುಕೊಂಡವರಿಗೆ ಇದು ಕಹಿ.

ಕುಂದಾಪುರದ ನಿಜವಾದ ಕೊಡುಗೆ ಘೋಷಣೆಗಿಂತ ಚಿಕ್ಕದು, ನೆಲಕ್ಕೆ ಹತ್ತಿರದ್ದು. ತೊಂಬತ್ತರ ದಶಕದ ಮಧ್ಯದಿಂದ ಆ ತಾಲ್ಲೂಕಿನ ಕೆಲವು ಊರುಗಳಲ್ಲಿ ಮಕ್ಕಳ ಪಂಚಾಯಿತಿಗಳು ಹುಟ್ಟಿದವು. ಮಕ್ಕಳೇ ಮತ ಹಾಕಿ ಮಕ್ಕಳನ್ನು ಆರಿಸಿದರು. ದೊಡ್ಡವರ ಪಂಚಾಯಿತಿಯ ಎದುರು ಅಹವಾಲು ಇಟ್ಟರು. ಅಲ್ಲಿ ಮುಖ್ಯವಾಗಿ ಬಂದದ್ದು ಕಾಲುಸಂಕ. ಕರಾವಳಿಯ ಹೊರಗಿನವರಿಗೆ ಹೇಳಬೇಕು: ಹಳ್ಳದ ಮೇಲೆ ಅಡಿಕೆ ಮರದ ಕಾಂಡಗಳನ್ನೋ ಮರದ ದಿಮ್ಮಿಯನ್ನೋ ಹಾಯಿಸಿ ಮಾಡಿದ ದಾರಿ ಅದು. ಬೇಸಿಗೆಯಲ್ಲಿ ಅದರ ಕಡೆ ಯಾರೂ ನೋಡುವುದಿಲ್ಲ. ಜೂನ್ ಬಂದರೆ ಪಾಚಿ ಕಟ್ಟಿ ಜಾರುತ್ತದೆ, ಕೆಳಗೆ ಕೆಂಪು ನೀರು ಭೋರ್ಗರೆಯುತ್ತದೆ. ದೊಡ್ಡವರಿಗೆ ಸಲೀಸಾದ ಹೆಜ್ಜೆ, ಬೆನ್ನಿಗೆ ಚೀಲ, ಕೈಗೆ ಕೊಡೆ ಹಿಡಿದ ಮಗುವಿಗೆ ಸಲೀಸಲ್ಲ. ಮಳೆಗಾಲದಲ್ಲಿ ಹಾಜರಾತಿ ಕುಸಿಯುವುದು ಪೋಷಕರ ಅಸಡ್ಡೆಯಿಂದ ಎಂದು ಷರಾ ಬರೆಯುವ ಅಧಿಕಾರಿಗೆ ಆ ದಾರಿಯನ್ನು ದಿನಕ್ಕೆರಡು ಸಲ ದಾಟುವವರು ಹೇಳಿದರೇ ಗೊತ್ತಾಗುವುದು. ‘ಶಿಕ್ಷಣ ನಮ್ಮ ಹಕ್ಕು’ ಎಂಬ ಮಾತಿಗೆ ಸಭೆ ಚಪ್ಪಾಳೆ ತಟ್ಟಿ ಎದ್ದುಹೋಗಬಹುದು. ‘ನಮ್ಮ ಹಳ್ಳಕ್ಕೆ ಹಿಡಿಕೆ ಇರುವ ಸಂಕ ಬೇಕು’ ಎಂದರೆ ಹಾಗಾಗದು. ಮಾಡುತ್ತೇವೆ ಅನ್ನಬೇಕು, ಇಲ್ಲವೇ ಆಗುವುದಿಲ್ಲ ಅನ್ನಬೇಕು.

ಈ ಪ್ರಯೋಗಗಳ ಬೆನ್ನಿಗೆ 2006ರಲ್ಲಿ ಕರ್ನಾಟಕದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆ ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ಸುತ್ತೋಲೆ ಹೊರಡಿಸಿತು. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ, ಅಂದರೆ ತನಗೆ ಸಂಬಂಧಿಸಿದ ವಿಷಯದಲ್ಲಿ ಮಗುವಿನ ಅಭಿಪ್ರಾಯಕ್ಕೆ ಬೆಲೆ ಕೊಡಬೇಕೆಂಬ ಮಾತಿಗೆ ಭಾರತ 1992ರಲ್ಲೇ ಒಪ್ಪಿತ್ತು. ಅದು ಹಳ್ಳಿಯ ಮಟ್ಟಕ್ಕೆ ಇಳಿಯಲು ಹದಿನಾಲ್ಕು ವರ್ಷ ಹಿಡಿಯಿತು.

ಮಕ್ಕಳ ಗ್ರಾಮಸಭೆಗೆ ಹೋಗಿ ನೋಡಿದವರಿಗೆ ಅದರ ಎರಡೂ ಮುಖ ಗೊತ್ತು. ಒಂದೆಡೆ ಶಾಮಿಯಾನ, ಸ್ವಾಗತಗೀತೆ, ಹಾರ ತುರಾಯಿ, ಸದಸ್ಯರ ಉದ್ದುದ್ದ ಭಾಷಣ. ಮಕ್ಕಳ ಸರದಿ ಬರುವ ಹೊತ್ತಿಗೆ ಉಪ್ಪಿಟ್ಟಿನ ವಾಸನೆ. ಇನ್ನೊಂದೆಡೆ, ನಡುಗುವ ಕೈಯಲ್ಲಿ ಮೈಕು ಹಿಡಿದ ಏಳನೇ ತರಗತಿಯ ಹುಡುಗಿ ಎದ್ದು ನಿಂತು, ಶಾಲೆ ಬಿಡುವುದು ನಾಲ್ಕೂವರೆಗೆ, ನಮ್ಮೂರ ಬಸ್ಸು ನಾಲ್ಕಕ್ಕೇ ಹೋಗುತ್ತದೆ, ಅದಕ್ಕೇ ನಮ್ಮೂರ ಹುಡುಗಿಯರು ಹೈಸ್ಕೂಲು ಬಿಟ್ಟರು ಎನ್ನುತ್ತಾಳೆ. ಪಿಡಿಒ ತಲೆ ಎತ್ತುತ್ತಾರೆ. ಅದು ನಡಾವಳಿ ಪುಸ್ತಕಕ್ಕೆ ಹೋಗಬೇಕು. ಮುಂದಿನ ವರ್ಷದ ಸಭೆಯಲ್ಲಿ ಅನುಪಾಲನಾ ವರದಿ ಓದಬೇಕು. ಏನೂ ಮಾಡದಿದ್ದರೆ ಆ ಹುಡುಗಿ, ಅಥವಾ ಅವಳ ತಂಗಿ, ಮತ್ತೆ ಎದ್ದು ನಿಲ್ಲುತ್ತಾಳೆ. ವಿಶ್ವಸಂಸ್ಥೆಯ ಸಭಾಂಗಣಕ್ಕಿಲ್ಲದ ಒಂದು ಅನುಕೂಲ ಈ ಶಾಮಿಯಾನಕ್ಕಿದೆ: ಕೇಳಿದವರು ಅದೇ ಊರಿನವರು, ನಾಳೆ ಅಂಗಡಿಯಲ್ಲಿ ಮುಖ ತೋರಿಸಬೇಕಾದವರು.

ಹಾಗೆಂದು ನಡಾವಳಿಗೆ ಬಂದದ್ದೆಲ್ಲ ನಡೆದುಬಿಡುವುದಿಲ್ಲ. ಕಾಲುಸಂಕದ ಮಾತು ಶುರುವಾಗಿ ಕಾಲು ಶತಮಾನವೇ ಕಳೆದ ಮೇಲೆ, 2022ರ ಆಗಸ್ಟ್‌ನಲ್ಲಿ, ಬೈಂದೂರು ತಾಲ್ಲೂಕಿನ ಕಾಲ್ತೋಡು ಬಳಿ ಶಾಲೆಯಿಂದ ಮನೆಗೆ ಬರುತ್ತಿದ್ದ ಎರಡನೇ ತರಗತಿಯ ಬಾಲಕಿ ಕಾಲುಸಂಕದಿಂದ ಜಾರಿ ಹಳ್ಳದಲ್ಲಿ ಕೊಚ್ಚಿಹೋದಳು. ಅದಾದ ಮೇಲೆ ಮಂತ್ರಿಗಳು ಬಂದರು, ಕಾಲುಸಂಕಗಳ ಪಟ್ಟಿ ಆಯಿತು. ಪಟ್ಟಿಯನ್ನು ಮಕ್ಕಳು ಎಂದೋ ಕೊಟ್ಟಿದ್ದರು.

ಈಗ ಪರ್ವರಿಯ ವಿಷಯ. 2011ರಲ್ಲಿ ಗೋವಾದಲ್ಲಿ ಶಿಕ್ಷಣ ಮಾಧ್ಯಮದ ದೊಡ್ಡ ಗಲಾಟೆಯಾಯಿತು. ಇಂಗ್ಲಿಷ್ ಮಾಧ್ಯಮದ ಪ್ರಾಥಮಿಕ ಶಾಲೆಗಳಿಗೂ ಅನುದಾನ ಕೊಡಿ ಎಂದು ಪೋಷಕರ ಸಂಘಟನೆ ‘ಫೋರ್ಸ್’ ಬೀದಿಗಿಳಿಯಿತು. ದಿಗಂಬರ ಕಾಮತ್ ಸರ್ಕಾರ ಒಪ್ಪಿತು. ಕೊಂಕಣಿ–ಮರಾಠಿ ಉಳಿಯಬೇಕೆಂದು ಮಾಜಿ ಮುಖ್ಯಮಂತ್ರಿ ಶಶಿಕಲಾ ಕಾಕೋಡ್ಕರ್, ಸುಭಾಷ್ ವೆಲಿಂಗ್‌ಕರ್ ಮುಂತಾದವರ ಭಾರತೀಯ ಭಾಷಾ ಸುರಕ್ಷಾ ಮಂಚ್ ಎದುರು ನಿಂತಿತು. ಎರಡೂ ಕಡೆ ಒಳ್ಳೆಯ ವಾಗ್ಮಿಗಳಿದ್ದರು. ಫೋರ್ಸ್‌ನ ಪೂರ್ಣ ಹೆಸರಿನಲ್ಲೇ ಮಕ್ಕಳ ಶಿಕ್ಷಣದ ಹಕ್ಕು ಎಂಬ ಮಾತಿದೆ. ಆದರೆ ಮಗುವಿನ ಹೆಸರಿನಲ್ಲಿ ನಡೆದ ಆ ವಾದದಲ್ಲಿ ತೂಕದ ಮಾತು ಆಡಿದವರೆಲ್ಲ ದೊಡ್ಡವರೇ. ಶೆಡ್ಡಿನ ಕನ್ನಡದ ಮಗುವಂತೂ ಇಂಗ್ಲಿಷ್, ಕೊಂಕಣಿ, ಮರಾಠಿ ಯಾವ ಪಕ್ಷಕ್ಕೂ ಸೇರಿದ್ದಲ್ಲ.

ಈ ಮಗುವಿನ ಕಷ್ಟ ವಿಚಿತ್ರವಾದದ್ದು. ಇದರ ಊರಿನಲ್ಲಿ, ಬಾದಾಮಿಯಲ್ಲೋ ಕುಷ್ಟಗಿಯಲ್ಲೋ, ಮಕ್ಕಳ ಗ್ರಾಮಸಭೆ ಹೆಚ್ಚಾಗಿ ನಡೆಯುವುದು ನವೆಂಬರಿನಿಂದ ಜನವರಿಯೊಳಗೆ. ಸುಗ್ಗಿ ಮುಗಿದು, ಕೆಲಸವಿಲ್ಲದೆ ಮನೆಮಂದಿಯೆಲ್ಲ ಗುಳೆ ಹೊರಡುವುದೂ ಆಗಲೇ. ಹೀಗಾಗಿ ಅಲ್ಲಿ ಸಭೆ ಸೇರಿದಾಗ ಮಗು ಇಲ್ಲಿರುತ್ತದೆ. ಇಲ್ಲಿ ಗ್ರಾಮಸಭೆ ಎಂದರೆ ಮತದಾರರ ಸಭೆ. ಮಗುವಿಗೆ ಮತವಿಲ್ಲ, ಅಪ್ಪ–ಅವ್ವನ ಮತ ಊರಲ್ಲಿದೆ. ಎರಡೂ ಕಡೆ ಅದರ ಮಾತು ಯಾರ ಪುಸ್ತಕಕ್ಕೂ ಹತ್ತುವುದಿಲ್ಲ. ಕುಂದಾಪುರ ಘೋಷಣೆಯಲ್ಲಿ ಗುಳೆಯ ಮಾತು ಬಂದದ್ದು ಇದನ್ನೆಲ್ಲ ಬಲ್ಲ ಮಕ್ಕಳಿಂದ.

ಕಾನೂನು ಮಾತ್ರ ಈ ಮಗುವಿನ ಪರವಾಗಿದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ವರ್ಗಾವಣೆ ಪತ್ರ, ಅಂದರೆ ಟಿಸಿ, ತಡವಾಯಿತೆಂದು ದಾಖಲಾತಿ ತಡೆಯುವಂತಿಲ್ಲ. 4ನೇ ಸೆಕ್ಷನ್ ಪ್ರಕಾರ ಓದು ನಿಂತ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಂಡು ಹಿಂದುಳಿದ ಪಾಠ ಹೇಳಿಕೊಡಬೇಕು. ವಲಸೆ ಕುಟುಂಬದ ಮಕ್ಕಳ ದಾಖಲಾತಿ ಸ್ಥಳೀಯ ಆಡಳಿತದ ಕರ್ತವ್ಯವೆಂದು 9ನೇ ಸೆಕ್ಷನ್ ಬಿಡಿಸಿ ಹೇಳಿದೆ. ಕರ್ನಾಟಕದಲ್ಲಿ ಇಂಥ ಮಕ್ಕಳಿಗಾಗಿ ಟೆಂಟ್ ಶಾಲೆ, ಊರಲ್ಲೇ ಉಳಿದು ಓದಲು ಋತುಮಾನ ವಸತಿ ಶಾಲೆ ಎಂಬ ಏರ್ಪಾಡುಗಳಾಗಿವೆ. ಇವೆಲ್ಲ ಮಗುವಿಗೆ ದಕ್ಕಬೇಕಾದರೆ ಯಾರಾದರೂ ಕೇಳಬೇಕು; ಯಾರಿಗೋ ಉತ್ತರಿಸುವ ಹೊಣೆ ಇರಬೇಕು.

ಪರ್ವರಿ ಹಂಚಿಹೋಗಿರುವುದು ಸುಕೂರ್, ಸಾಲ್ವಾದೊರ್ ದೊ ಮುಂದೊ, ಪೆನ್ಹಾ ದ ಫ್ರಾನ್ಸ ಪಂಚಾಯಿತಿಗಳಲ್ಲಿ. ಗೋವಾದಲ್ಲಿ ಗ್ರಾಮಸಭೆ ಸಾಮಾನ್ಯವಾಗಿ ಭಾನುವಾರ ಸೇರುತ್ತದೆ. ಜನ ಅಲ್ಲಿ ಜೋರಾಗಿಯೇ ಜಗಳವಾಡುತ್ತಾರೆ. ಕಸ, ನೀರು, ದೊಡ್ಡ ಕಟ್ಟಡಗಳ ಪರವಾನಗಿ ಎಲ್ಲಕ್ಕೂ ಸರಪಂಚರು ನಿಂತು ಉತ್ತರ ಕೊಡಬೇಕು. ಕೇಳಿಸಿಕೊಳ್ಳಲೇಬೇಕಾದ ಸಭೆಯೊಂದು ಹೀಗೆ ಸಿದ್ಧವಾಗಿಯೇ ಇದೆ. ಅದರಲ್ಲಿ ಅರ್ಧ ಗಂಟೆ ಊರಿನ ಮಕ್ಕಳಿಗೂ ಶೆಡ್ಡಿನ ಮಕ್ಕಳಿಗೂ ಬಿಡಲು ಹೊಸ ಕಾಯ್ದೆ ಬೇಕಿಲ್ಲ. ಕರ್ನಾಟಕದಲ್ಲಿ ಒಂದು ಸುತ್ತೋಲೆ ಸಾಕಾಗಿತ್ತು. ಕನ್ನಡದಲ್ಲಿ ಆಡಿದ್ದನ್ನು ಕೊಂಕಣಿಯಲ್ಲಿ ಬರೆದುಕೊಳ್ಳಲು ಒಬ್ಬರು ಬೇಕಾದೀತು. ಎರಡೂ ಬಲ್ಲವರು ಗೋವಾದಲ್ಲಿ ಎಷ್ಟು ಮಂದಿ ಬೇಕಾದರೂ ಸಿಗುತ್ತಾರೆ. ಮೊದಲು ಏಳುವ ಪ್ರಶ್ನೆ ಯಾವುದಿರಬಹುದೆಂದು ಊಹಿಸುವುದೂ ಕಷ್ಟವಲ್ಲ. ನಾನು ಶಾಲೆಗೆ ಹೋದರೆ ತಮ್ಮನನ್ನು ನೋಡಿಕೊಳ್ಳಲು ಅಂಗನವಾಡಿ ಎಲ್ಲಿದೆ ಎಂದು ಆ ಹುಡುಗಿ ಕೇಳುತ್ತಾಳೆ.